ಎಸ್ಟಿಮೇಟ್‌ನಲ್ಲಿ 18 ಗಂಟೆ, ಕೆಲಸ ಎರಡೇ ದಿನ: ಅಮೆರಿಕದ ಬಾಡಿ ಶಾಪ್ ಲೆಕ್ಕ

ಇಲ್ಲಿ ಕಾರಿಗೆ ಏಟು ಬಿದ್ದು ಬಾಡಿ ಶಾಪಿಗೆ, ಅಂದರೆ ಕಾರಿನ ಹೊರಮೈ ರಿಪೇರಿ ಮಾಡುವ ಗ್ಯಾರೇಜಿಗೆ, ಬಿಟ್ಟ ನಮ್ಮವರ ದೊಡ್ಡ ಅನುಮಾನ ಇದು: 18 ಗಂಟೆ ಲೇಬರ್ ಹಾಕಿದ್ದಾರೆ, ಎರಡು ದಿನಕ್ಕೇ ಕಾರು ಕೊಟ್ಟರು, ಮೋಸ ಅಲ್ವಾ? ಅದೊಂದರಿಂದಲೇ ಮೋಸ ಅನ್ನೋಕಾಗಲ್ಲ. ಆ ಗಂಟೆ ಗಡಿಯಾರದ್ದಲ್ಲ.

ಎಸ್ಟಿಮೇಟ್ ಹಾಕೋಕೆ ಬಳಸುವ ಸಿಸಿಸಿ, ಮಿಚೆಲ್ ತರಹದ ಸಾಫ್ಟ್‌ವೇರ್‌ನಲ್ಲಿ ಯಾವ ಭಾಗ ಬದಲಾಯಿಸೋಕೆ ಎಷ್ಟು ಹೊತ್ತು ಅಂತ ಮೊದಲೇ ಇರುತ್ತದೆ, 0.1 ಗಂಟೆ ಅಂದರೆ 6 ನಿಮಿಷ. ಬಹಳಷ್ಟು ಶಾಪ್‌ಗಳಲ್ಲಿ ಟೆಕ್ನಿಷಿಯನ್‌ಗೆ ಸಂಬಳ ಕೊಡುವುದೂ ಇದರ ಮೇಲೆಯೇ. 4.0 ಗಂಟೆಯ ಕೆಲಸ ಮೂರರಲ್ಲಿ ಮುಗಿಸಿದರೂ ನಾಲ್ಕರ ದುಡ್ಡು, ಆರು ತಗೊಂಡರೂ ನಾಲ್ಕರದ್ದೇ. ಇದಕ್ಕೆ ಫ್ಲ್ಯಾಟ್ ರೇಟ್ ಅಂತಾರೆ. ಕೆಲಸ ಬರದೆ ಸುಮ್ನೆ ಕೂತ ದಿನ ಈ ಲೆಕ್ಕಕ್ಕೆ ಏನೂ ಸೇರಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಕಾಯುವ ಹೊತ್ತಿಗೂ ರೆಸ್ಟ್ ಬ್ರೇಕಿಗೂ ಬೇರೆಯಾಗಿ ಕೊಡಬೇಕು ಅಂತ ಕಾನೂನಿದೆ.

ಎಸ್ಟಿಮೇಟ್‌ನಲ್ಲಿರುವ ಗಂಟೆಯ ದರ ಪೂರ್ತಿ ಕೆಲಸದವನ ಜೇಬಿಗೆ ಹೋಗಲ್ಲ. ಶಾಪಿನ ಜಾಗದ ಬಾಡಿಗೆ, ಪೇಂಟ್ ಬೂತ್, ಬಗ್ಗಿದ ಚೌಕಟ್ಟು ನೆಟ್ಟಗೆ ಮಾಡುವ ಫ್ರೇಮ್ ಮೆಷಿನ್, ಆಫೀಸಿನವರ ಸಂಬಳ ಎಲ್ಲದರ ಖರ್ಚೂ ಅದರಲ್ಲೇ ಆಗಬೇಕು.

ಈಗ ನೀವು ಕಣ್ಣಿಡಬೇಕಾದ ಜಾಗಕ್ಕೆ ಬರೋಣ. ಬಾಡಿ, ರಿಫಿನಿಶ್ (ಪೇಂಟ್ ಕೆಲಸ), ಫ್ರೇಮ್, ಮೆಕ್ಯಾನಿಕಲ್ ಅಂತ ಲೇಬರ್ ಬೇರೆ ಬೇರೆ ಇರುತ್ತದೆ, ದರವೂ ಬೇರೆ ಇರಬಹುದು. ಹೊಸ ಬಾಗಿಲು ಹಾಕುವುದಕ್ಕೆ ಸಾಫ್ಟ್‌ವೇರ್ ಗಂಟೆ ಕೊಡುತ್ತದೆ, ಆದರೆ ಅದೇ ಬಾಗಿಲಿನ ನೆಗ್ಗು ತೆಗೆಯೋಕೆ ಕೊಡಲ್ಲ, ಅದು ಎಸ್ಟಿಮೇಟರ್ ಕಣ್ಣಳತೆ. ದುಡ್ಡು ಕೊಡುವ ವಿಮೆಯವನು 3 ಗಂಟೆ ಅಂತಾನೆ, ಶಾಪಿನವನು 6 ಅಂತಾನೆ, ಜಗಳವೆಲ್ಲ ಇಲ್ಲೇ. ಪೇಂಟ್ ಗಂಟೆಯಂತೂ ಸಾಮಾನ್ಯವಾಗಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ: ಒಮ್ಮೆ ಲೇಬರ್ ಆಗಿ, ಇನ್ನೊಮ್ಮೆ ಪೇಂಟ್ ಸಾಮಾನಿನ ದರದಿಂದ ಗುಣಿಸಿ. ಹಾಗಾಗಿ ರಿಫಿನಿಶ್ ಸಾಲಿನಲ್ಲಿ ಎರಡು ಗಂಟೆ ಕಡಿಮೆಯಾದರೆ ಶಾಪಿಗೆ ಡಬಲ್ ಹೊಡೆತ. ಪಕ್ಕದ ಪ್ಯಾನೆಲ್‌ಗೆ ಬಣ್ಣ ಬೆರೆಸುವ ಬ್ಲೆಂಡ್ ಸಾಲನ್ನು ವಿಮೆಯವರು ಹೊಡೆದು ಹಾಕಿದರೆ ನೀವೂ ಸುಮ್ಮನಿರಬೇಡಿ. ಬ್ಲೆಂಡ್ ಮಾಡದೆ ಬಿಟ್ಟರೆ, ಸಿಲ್ವರ್ ಕಾರಿದ್ದರೆ ಬಾಗಿಲೊಂದು ಬಣ್ಣ, ಫೆಂಡರ್ ಇನ್ನೊಂದು ಬಣ್ಣ ಕಾಣೋದು ಬಿಸಿಲಿಗೆ ನಿಲ್ಲಿಸಿದಾಗಲೇ.

ಬಂಪರ್ ಬಿಚ್ಚಿದ ಮೇಲೆ ಒಳಗಿನ ಪೆಟ್ಟು ಸಿಕ್ಕರೆ ಸಪ್ಲಿಮೆಂಟ್ ಅಂತ ಗಂಟೆ ಜಾಸ್ತಿ ಆಗುತ್ತದೆ, ಇದು ಮಾಮೂಲು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಎಸ್ಟಿಮೇಟ್ ದಾಟುವ ಮೊದಲು ಶಾಪಿನವರು ನಿಮ್ಮ ಒಪ್ಪಿಗೆ ಪಡೆಯಲೇಬೇಕು. ಒಪ್ಪುವ ಮುಂಚೆ ಫೋಟೋ ಕೇಳಿ, ಹೊಸ ಸಾಲುಗಳ ಪ್ರತಿಯನ್ನೂ ಇಸ್ಕೊಳ್ಳಿ.