ಬೆಳಿಗ್ಗೆ ಒಂದು ಮೂಲೆ ಕೂತಿರುತ್ತಿದ್ದ ಕಾರು: ನನ್ನ ಅನುಭವ

ನನ್ನದು ಏರ್ ಸಸ್ಪೆನ್ಷನ್ (ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಸ್ಪ್ರಿಂಗಿನ ಮೇಲೆ ಕಾರು ನಿಲ್ಲುವ ವ್ಯವಸ್ಥೆ) ಇರುವ ಸೆಕೆಂಡ್ ಹ್ಯಾಂಡ್ ಜರ್ಮನ್ ಕಾರು. ರಾತ್ರಿ ಸರಿಯಾಗಿ ನಿಂತಿರುತ್ತಿತ್ತು. ಬೆಳಿಗ್ಗೆ ನೋಡಿದರೆ ಮುಂದಿನ ಎಡಗಡೆ ಕೆಳಗೆ ಕೂತಿರುತ್ತಿತ್ತು. ಸ್ಟಾರ್ಟ್ ಮಾಡಿದ ಮೇಲೆ ಗಾಳಿ ತುಂಬುವ ಕಂಪ್ರೆಸರ್ ತುಂಬಾ ಹೊತ್ತು ಓಡಿ ಮೇಲೆತ್ತುತ್ತಿತ್ತು.

ಕಂಪ್ರೆಸರ್ ಬದಲಿಸಿ ಅಂತ ಒಂದು ಗ್ಯಾರೇಜಿನವರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಅದು ಕೆಟ್ಟಿದ್ದರೆ ಕಾರು ಮೇಲೇಳುವುದೇ ಇಲ್ಲ, ಅಲ್ವಾ? ಒಂದೇ ಮೂಲೆ ಇಳಿಯುತ್ತಿದೆ ಅಂದರೆ ಗಾಳಿ ಅಲ್ಲೇ ಎಲ್ಲೋ ಸೋರುತ್ತಿರಬೇಕು.

ಬಳ್ಳಾರಿಯ ಕೌಲ್ ಬಜಾರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಸೋಪಿನ ನೀರು ಚಿಮುಕಿಸಿದರು. ಪೈಪಿನ ಜಾಯಿಂಟು, ವಾಲ್ವ್ ಬ್ಲಾಕ್ (ಯಾವ ಸ್ಪ್ರಿಂಗಿಗೆ ಗಾಳಿ ಹೋಗಬೇಕೆಂದು ನಿಯಂತ್ರಿಸುವ ಭಾಗ) ಎರಡೂ ಸರಿಯಿದ್ದವು. ಏರ್ ಸ್ಪ್ರಿಂಗಿನ ರಬ್ಬರ್ ಮಡಿಕೆಯಲ್ಲಿ ಗುಳ್ಳೆ ಬಂತು. ನೋಡಿದರೆ ಸಣ್ಣ ಸಣ್ಣ ಬಿರುಕುಗಳು, ನಡುವೆ ನಮ್ಮ ಬಳ್ಳಾರಿಯ ಕೆಂಪು ಧೂಳು. ರಬ್ಬರಿಗೆ ವಯಸ್ಸಾಗಿತ್ತು. ಎರಡೂ ಮುಂದಿನ ಸ್ಪ್ರಿಂಗು ಬದಲಿಸಿದೆವು. ಬಲಗಡೆಯದ್ದೂ ಅಷ್ಟೇ ಹಳೆಯದು, ಸುಮ್ನೆ ಬಿಡುವುದು ಬೇಡ ಅನ್ನಿಸಿತು.

ನೀವು ಮಾಡಿಸುವುದಾದರೆ ಮೂರು ವಿಷಯ ಗಮನಿಸಿ. ಜಾಕ್ ಹಾಕುವ ಮೊದಲು ಕಾರಿನ ಮೆನುವಿನಲ್ಲಿ ಜಾಕ್ ಮೋಡ್ (ಕಾರು ತಾನಾಗಿಯೇ ಎತ್ತರ ಹೊಂದಿಸಿಕೊಳ್ಳುವುದನ್ನು ನಿಲ್ಲಿಸುವ ಸೆಟ್ಟಿಂಗ್) ಆನ್ ಮಾಡಿಸಿ. ಹೊಸ ಸ್ಪ್ರಿಂಗಿಗೆ ಗಾಳಿ ತುಂಬದೆ ಕಾರಿನ ಭಾರ ಬಿಡಬಾರದು, ಮಡಿಕೆ ತಪ್ಪಿ ರಬ್ಬರ್ ಹಾಳಾಗುತ್ತದೆ. ಆಮೇಲೆ ಸ್ಕ್ಯಾನರ್ ಹಾಕಿ ಎತ್ತರ ಸೆಟ್ ಮಾಡಿಸಿ.

ಸೋರಿಕೆಯನ್ನು ಹಾಗೇ ಬಿಟ್ಟರೆ ಕಂಪ್ರೆಸರ್ ಜಾಸ್ತಿ ಓಡಿ ಸುಟ್ಟುಹೋಗಬಹುದು. ನನ್ನ ಕಂಪ್ರೆಸರ್ ಹಳೆಯದೇ, ಈಗಲೂ ಚೆನ್ನಾಗಿದೆ.