ಫೇಸರ್ ಪೆಡಲ್: ಸದ್ದಿದೆ, ಅಲೆ ಇಲ್ಲ

ಮಂಗಳೂರಿನ ಮಳೆಗಾಲ ಹಿಡಿದದ್ದೇ, ಮನೆಯಲ್ಲಿ ಕಟ್ಟಿದ ನಾಲ್ಕು ಜೆಫೆಟ್‌ಗಳ (ಒಂದು ಬಗೆಯ ಟ್ರಾನ್ಸಿಸ್ಟರ್) ಫೇಸರ್‌ನಲ್ಲಿ, ಅಂದರೆ ಗಿಟಾರ್ ಸದ್ದನ್ನು ಅಲೆಯಂತೆ ತೂಗಿಸುವ ಪೆಡಲ್‌ನಲ್ಲಿ, ಆ ಅಲೆ ನಿಂತಿತು. ಗಿಟಾರ್ ಸದ್ದು ಸರಿಯಾಗಿಯೇ ಬರುತ್ತಿತ್ತು. ಸ್ಪೀಡ್ ಪೂರ್ತಿ ಇಳಿಸಿ ಎಲ್‌ಎಫ್‌ಒ (ಅಲೆಯನ್ನು ನಡೆಸುವ ನಿಧಾನ ಆಂದೋಲಕ) ಆಪ್‌ಆಂಪ್ ಚಿಪ್‌ನ ಔಟ್‌ಪುಟ್ ಕಾಲಿಗೆ ಮಲ್ಟಿಮೀಟರ್ ಹಿಡಿದರೆ ವೋಲ್ಟೇಜ್ ಏರಿಳಿಯುತ್ತಿತ್ತು. ಎಲ್‌ಎಫ್‌ಒ ಸರಿಯಿದೆ ಎಂದಾಯಿತು. ಅಲ್ಲಿಗೆ ಅನುಮಾನಕ್ಕೆ ಉಳಿದದ್ದು ಗೇಟ್ ಬಯಾಸ್, ಅಂದರೆ ಜೆಫೆಟ್‌ನ ನಿಯಂತ್ರಣ ಕಾಲಾದ ಗೇಟಿಗೆ ಕೊಡುವ ಸ್ಥಿರ ವೋಲ್ಟೇಜ್. ಅದು ಬರುವುದು ಮೆಗಾಓಮ್ ರೆಸಿಸ್ಟರ್‌ಗಳ ಮೂಲಕ. ಅಂಥ ಕಡೆ ಬೆಸುಗೆ ಹಾಕುವಾಗ ಉಳಿದ, ತೇವ ಹೀರಿದ ಫ್ಲಕ್ಸ್ ಅಂಟು ತಾನೇ ಇನ್ನೊಂದು ರೆಸಿಸ್ಟರ್ ಆಗಿ ವೋಲ್ಟೇಜ್ ಜಾರಿಸುತ್ತದೆ. ಗೇಟ್ ಕಾಲುಗಳ ನಡುವೆ ಕಂದು ಅಂಟು ಕಾಣುತ್ತಿತ್ತು. ಬ್ಯಾಟರಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೆ ಟೂತ್‌ಬ್ರಶ್‌ನಲ್ಲಿ ಉಜ್ಜಿ, ಕೂಡಲೇ ಬಟ್ಟೆಯಲ್ಲಿ ಒತ್ತಿ ಒರೆಸಿದೆ. ಹಾಗೇ ಬಿಟ್ಟರೆ ಅಂಟು ಬೋರ್ಡಿಗೆಲ್ಲ ಹರಡುತ್ತದೆ. ಚೆನ್ನಾಗಿ ಒಣಗಿದ ಮೇಲೆ ಬಯಾಸ್ ಹೊಂದಿಸುವ ಪುಟ್ಟ ತಿರುಪು, 250ಕೆ ಟ್ರಿಮ್‌ಪಾಟನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದೆ, ಅಲೆ ಮರಳಿತು. ಅದು ಸಿಗುವ ಜಾಗ ತೀರ ಕಿರಿದು. ಗೇಟಿಗೆ ಮೀಟರ್ ಹಿಡಿದು ಹೊಂದಿಸಬೇಡಿ, ಮೀಟರಿನ ಒಳಗಿನ 10 ಮೆಗಾಓಮ್ ರೋಧವೇ ಬಯಾಸನ್ನು ಕೆಳಗೆಳೆಯುತ್ತದೆ. ಕಿವಿಯಿಂದಲೇ ಹೊಂದಿಸಿ.