ಕಾರಿಗೆ ಬೇರೆ ಕಂಪನಿಯ ಏರ್ ಫಿಲ್ಟರ್: ಆಯ್ಕೆ ಮಾಡುವುದು ಹೇಗೆ?

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 11 ಕಿಲೊ, ಅಂದರೆ ಹೆಚ್ಚುಕಡಿಮೆ 9,000 ಲೀಟರ್ ಗಾಳಿ ಬೇಕು. ಆ ಗಾಳಿಯೊಂದಿಗೆ ಒಳಹೋಗುವ ಧೂಳಿನ ಗಟ್ಟಿ ಕಣಗಳು ಪಿಸ್ಟನ್ ರಿಂಗ್‌ಗಳನ್ನೂ ಸಿಲಿಂಡರಿನ ಗೋಡೆಯನ್ನೂ ಸವೆಸುತ್ತವೆ. ಹಾಗಾಗಿ ಕಾರಿನ ಕಂಪನಿಯ ಫಿಲ್ಟರ್ ತೆಗೆದು ಬೇರೆಯದನ್ನು ಹಾಕಿಸುವವರು ಪಿಕಪ್ ಎಷ್ಟು ಹೆಚ್ಚುತ್ತದೆ ಎಂದು ಕೇಳುವ ಮೊದಲು, ಧೂಳನ್ನು ಎಷ್ಟು ತಡೆಯುತ್ತದೆ ಎಂದು ಕೇಳಬೇಕು.

ಮೊದಲು ಉದ್ದೇಶವನ್ನು ಖಚಿತಪಡಿಸಿಕೊಳ್ಳಿ. ಮೈಲೇಜ್ ಹೆಚ್ಚಲೆಂದು ಖರ್ಚು ಮಾಡುವುದಾದರೆ ಅದು ಬೇಡ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯವು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಂಪ್ಯೂಟರ್ ನಿಯಂತ್ರಣವಿರುವ ಇಂದಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್ ಗಮನಾರ್ಹವಾಗಿ ಇಳಿಯಲಿಲ್ಲ. ವೇಗ ಹೆಚ್ಚಿಸಿಕೊಳ್ಳುವ ಸಾಮರ್ಥ್ಯವಷ್ಟೇ ಕುಗ್ಗಿತು.

ಎರಡನೆಯದು ಬಗೆಯ ಆಯ್ಕೆ. ನೆರಿಗೆ ಹಾಕಿದ ಕಾಗದದ ಫಿಲ್ಟರ್ ಅಗ್ಗವಾದದ್ದು, ಸಣ್ಣ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ತೊಳೆಯುವಂತಿಲ್ಲ. ಕೆ ಅಂಡ್ ಎನ್ ಮುಂತಾದ ಕಂಪನಿಗಳ ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರನ್ನು ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಅದಕ್ಕೆಂದೇ ಸಿಗುವ ಎಣ್ಣೆ ಹಚ್ಚಿ ಮತ್ತೆ ಬಳಸಬಹುದು. ಇಲ್ಲಿ ಕೈ ಹಿಡಿತದಲ್ಲಿರಬೇಕು: ಎಣ್ಣೆ ಹೆಚ್ಚಾದರೆ ಅದು ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿನ ಸಣ್ಣ ತಂತಿಗೆ ಅಂಟಿ, ಅಳತೆ ತಪ್ಪಿ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಕೊಳ್ಳಬಹುದು. ಮಣ್ಣುರಸ್ತೆಯಲ್ಲೋ ಗಣಿ ಲಾರಿಗಳ ಹಿಂದೆಯೋ ದಿನವೂ ಓಡುವ ಕಾರಿಗೆ ಒಳ್ಳೆಯ ಕಾಗದದ ಫಿಲ್ಟರೇ ಸಾಕು, ಅದನ್ನು ಬೇಗ ಬೇಗ ಬದಲಿಸುತ್ತಿರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಫಿಲ್ಟರ್ ಕೂರುವ ಮೂಲ ಡಬ್ಬಿಯನ್ನೇ ಕಿತ್ತು ಶಂಕುವಿನಾಕಾರದ ತೆರೆದ ಫಿಲ್ಟರ್ ಕೂರಿಸುವ ಯೋಚನೆಯಿದ್ದರೆ ಇನ್ನೊಮ್ಮೆ ವಿಚಾರ ಮಾಡಿ. ಅದು ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುವುದರಿಂದ, ಕೇಳಿಸುವ ಗಡಸು ಸದ್ದಿನಷ್ಟು ಶಕ್ತಿ ಸಿಗುವುದಿಲ್ಲ. ತಂಪು ಗಾಳಿಗೆಂದು ಪೈಪನ್ನು ಬಂಪರ್ ಕೆಳಗೆ ಇಳಿಸಿದರೆ ಮತ್ತೊಂದು ಅಪಾಯವಿದೆ. ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸಿನಲ್ಲಿ ಎಂಜಿನ್ ನೀರನ್ನೇ ಹೀರಿದರೆ, ನೀರು ಗಾಳಿಯಂತೆ ಕುಗ್ಗದ ಕಾರಣ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಿಹೋಗಬಹುದು.

ಕೊಳ್ಳುವಾಗ ಏರ್ ಫಿಲ್ಟರ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 5011 ಪರೀಕ್ಷೆಯ ವಿವರವಿದೆಯೇ ಎಂದು ವಿಚಾರಿಸಿ. ಧೂಳು ತಡೆಯುವ ಪ್ರಮಾಣ, ಧೂಳು ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ, ಗಾಳಿಗೆ ಒಡ್ಡುವ ತಡೆ, ಈ ಮೂರನ್ನೂ ಅದು ಅಳೆಯುತ್ತದೆ. ವಾರಂಟಿ ಇರುವ ಕಾರಾದರೆ ಸರ್ವೀಸ್ ಸೆಂಟರಿನವರನ್ನು ಮೊದಲೇ ಕೇಳಿ.

ಕೂರಿಸುವಾಗ ಫಿಲ್ಟರಿನ ರಬ್ಬರ್ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ, ಡಬ್ಬಿ ಮುಚ್ಚಿ, ಮತ್ತೆ ತೆರೆದು ನೋಡಿ. ಗ್ರೀಸಿನ ಗುರುತು ಸುತ್ತಲೂ ಎಡೆಬಿಡದೆ ಮೂಡಿರಬೇಕು. ಎಲ್ಲಿ ಮೂಡಿಲ್ಲವೋ ಅಲ್ಲಿಂದ ಧೂಳು ನುಸುಳುತ್ತದೆ. ಸಾವಿರ ಕಿಲೊಮೀಟರ್ ಓಡಿದ ಮೇಲೆ ಫಿಲ್ಟರಿನಿಂದ ಎಂಜಿನ್ ಕಡೆಗೆ ಹೋಗುವ ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಮಣ್ಣಿನ ಬಣ್ಣ ಹತ್ತಿದರೆ, ಕೊಟ್ಟ ಬೆಲೆ ಎಷ್ಟೇ ಇರಲಿ, ಕಂಪನಿಯ ಹಳೆಯ ಬಗೆಯ ಫಿಲ್ಟರನ್ನೇ ಮತ್ತೆ ಹಾಕಿಸಿ.